ಹಿಟ್ಟಿನ ಡಬ್ಬಿ

ಎರಡೇ ಮಳೆಗಾಲಕ್ಕೆ ಕ್ಯಾಬಿನೆಟ್ಟು ತುಕ್ಕು ಹಿಡಿದು ಉದುರಿತು.
ವಾಸ್ಕೋದ ಗಾಳಿ ಅಂಗೈಗೆ ಉಪ್ಪು ಸವರಿಕೊಂಡೇ ಮನೆಗೆ ಬರುತ್ತದೆ,
ಕಬ್ಬಿಣ ಕಂಡರೆ ನೆಕ್ಕದೆ ಹೋಗುವುದಿಲ್ಲ.

ಅವ್ವನ ಜೋಳದ ಹಿಟ್ಟಿನ ಡಬ್ಬಿ ಸ್ಟೀಲಿನದು.
ಮದುವೆಯಲ್ಲಿ ಬಂದದ್ದು;
ಮೈಮೇಲೆ ಚುಕ್ಕಿ ಚುಕ್ಕಿ ಕುಟ್ಟಿದ ಹೆಸರು: ನೀಲವ್ವ ಹೊಳೆಯಣ್ಣವರ.
ಅವಳು ಮೀನಿನ ಕಾರ್ಖಾನೆಯ ಪಾಳಿಗೆ ಹೋದದ್ದೇ
ಹಿಟ್ಟು ಬಕೆಟ್ಟಿಗೆ ಸುರಿದು
ಡ್ರಿಲ್ಲು ಹಚ್ಚಿದೆ.

ದುಂಡು ಡಬ್ಬಿಗೆ ಚೌಕ ಬೋರ್ಡು,
ನಾಲ್ಕು ಮೂಲೆಗೂ ಹರಿದ ಹವಾಯಿ ಚಪ್ಪಲಿಯ ತುಂಡು.
ಫ್ಯಾನಿನ ಬಾಯಿಗೆ ಇಡ್ಲಿ ತಟ್ಟೆ,
ಅದರ ಮೇಲೆ ಶಾಲೆಯ ಹಳೇ ಸಾಕ್ಸು.
ಸಡಾ ಗುಡ್ಡದಲ್ಲಿ
ಬಂದರಿನ ಕಲ್ಲಿದ್ದಲು ಪುಡಿ ಅನ್ನದ ಮೇಲೂ ಕೂರುತ್ತದೆ.

ಅವ್ವ ಬಂದಳು. ಚೀಲ ಇಳಿಸಲಿಲ್ಲ.
ಡಬ್ಬಿಯನ್ನು ತಿರುವಿ ತಿರುವಿ ನೋಡಿ
‘ಹೆಸರಿನ ಮ್ಯಾಲ ತೂತ ಬಿದ್ದಿಲ್ಲಲ್ಲ?’ ಅಂದಳು.

ಬಿದ್ದಿತ್ತು.
‘ವ್ವ’ದ ಒತ್ತು ಹಾರಿಹೋಗಿ
ಅವಳು ‘ನೀಲವ’ ಆಗಿದ್ದಳು.

ಮಾತು ಮರೆಸಲು ಕರೆಗಂಟೆಯ ಗುಂಡಿ ಒತ್ತಿದೆ.
ಡಬ್ಬಿ ಒಮ್ಮೆ ಗುರ್ ಅಂದು
ಸಂದಿಯಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ
ಅವಳ ಮುಖಕ್ಕೆ ಉಗುಳಿತು.

ಹುಬ್ಬು ಬೆಳ್ಳಗಾದ ಅವ್ವ
ಬೈಯಲು ಬಾಯಿ ತೆರೆದವಳು
ಮುಚ್ಚಳದ ಮೇಲೆ ಕೈ ಇಟ್ಟಳು.
ಇನ್ನೊಂದು ಕೈಯನ್ನೂ ಇಟ್ಟಳು.
‘ಬೆಚ್ಚಗೈತಿ.’

ಈಗ ದಿನಾ ರಾತ್ರಿ
ಹೆಪ್ಪು ಹಾಕಿದ ಹಾಲಿನ ಪಾತ್ರೆ ಅದರ ತಲೆ ಮೇಲೆ.
ಜೂನ್ ಜುಲೈಯ ಥಂಡಿಯಲ್ಲೂ ಗಟ್ಟಿ ಮೊಸರು.
ನನ್ನ ಕೆಲಸ ಹನ್ನೊಂದಕ್ಕೇ ಮುಗಿದಿರುತ್ತದೆ;
ಒಳಗಿನಿಂದ ದನಿ:
‘ಬಂದ್ ಮಾಡಬ್ಯಾಡ, ಇನ್ನೂ ನೀರ ಐತಿ.’