ಗೋಡೆ ಕಡೆ ತಿರುಗಿ

ಮಲ್ಪೆ ಬಂದರಿನಲ್ಲಿ, ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ನನ್ನ ಅಂಗಡಿ: ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ.
ಕೆಳಗೆ ಮಂಜುಗಡ್ಡೆ ಪುಡಿಮಾಡುವ ಯಂತ್ರ ಹೊರಳಿದರೆ
ಮೇಲೆ ನನ್ನ ಕೀಬೋರ್ಡು ನಡುಗುತ್ತದೆ.

ಹನ್ನೊಂದು ವರ್ಷ ಈ ಊರಿನ ಬೀಗದಕೈಗಳೆಲ್ಲ
ಒಂದು ನೀಲಿ ಲಾಂಗ್‌ಬುಕ್ಕಿನಲ್ಲಿ ನನ್ನ ಹತ್ತಿರ ಇದ್ದವು.
"ನಮಗೆಲ್ಲಿ ನೆನಪಿರ್ತದೆ ಮಾರಾಯ್ತಿ, ನೀನೇ ಬರೆದಿಡು."
ಬರೆದಿಟ್ಟೆ.
ಬೀಡಿ ಕಟ್ಟುವ ವಾರಿಜಕ್ಕನ ಪಿಎಫ್,
ಮೊಯ್ದಿನಬ್ಬನವರ ಪಾಸ್‌ಪೋರ್ಟು,
ಸ್ಟೆಲ್ಲಾ ಬಾಯಿಯ ಕರೆಂಟು ಬಿಲ್ಲು.
ಈ ಊರಿಗೆ ಎಂತದರ ಮೇಲೆ ಪ್ರೀತಿ ಎಂದು ಯಾರಾದರೂ ಕೇಳಿದ್ದರೆ
ಪುಟ ತಿರುವಿ ಹೇಳುತ್ತಿದ್ದೆ:
ಮೊದಲ ಮಗುವಿನ ಹೆಸರು, ಒಂದು ಎರಡು ಮೂರು.
ಸ್ಕೂಟರಿನ ನಂಬರು.
ದೈವದ ಹೆಸರು, ಒಂದು ಎರಡು ಮೂರು.

ಕಾಂತಪ್ಪ ಸಾಲ್ಯಾನರದ್ದು ಅವರ ಬೋಟಿನ ಹೆಸರು.
ಬೋಟಿನ ಮೂತಿಯ ಎರಡೂ ಬದಿಗೆ
ಮೊಳದುದ್ದದ ಹಳದಿ ಅಕ್ಷರದಲ್ಲಿ ಬರೆಸಿ
ದಿನಾ ಇಡೀ ಕಡಲಿಗೆ ತೋರಿಸಿ ತರುವ ಗುಟ್ಟು.
ಬಂಗುಡೆಗೊಂದು ಬಲೆ, ಸಿಗಡಿಗೊಂದು ಬಲೆ ಇಟ್ಟ ಮನುಷ್ಯ
ಮೇಲ್‌ಗೂ ಅದೇ, ಬ್ಯಾಂಕಿಗೂ ಅದೇ,
ಮಗಳು ಚಪ್ಪಲಿ ತರಿಸಿದ ಸೈಟಿಗೂ ಅದೇ.

ಸೋರಿದ್ದು ಆ ಚಪ್ಪಲಿಯ ಕಡೆಯಿಂದಂತೆ.
ಆಟಿ ತಿಂಗಳು, ಬೋಟುಗಳೆಲ್ಲ ದಡದಲ್ಲಿ.
"ಬ್ಯಾಂಕಿನಿಂದ" ಫೋನು ಬಂತು, ಓಟಿಪಿ ಕೇಳಿದರು,
ಹುಡುಗ ಮರ್ಯಾದೆಯಿಂದ ಮಾತಾಡಿದ, ಕೊಟ್ಟರು.
ಡೀಸೆಲ್ಲಿಗೆ ಇಟ್ಟ ಎರಡೂವರೆ ಲಕ್ಷ
ಹೆಸರೇ ಕೇಳದ ಊರಿಗೆ ಹೋಯಿತು.

ಪೊಲೀಸರು ಬಂದರು. ಲಾಂಗ್‌ಬುಕ್ ನೋಡಿದರು,
ನಕ್ಕರು, ವಾಪಸು ಕೊಟ್ಟರು.
ನನ್ನ ಮೇಲೆ ಯಾರೂ ಒಂದು ಮಾತು ಆಡಲಿಲ್ಲ.
ಎಂಟು ದಿನ ಮೆಟ್ಟಿಲು ಮಾತ್ರ ಸದ್ದು ಮಾಡಲಿಲ್ಲ.

ಒಂಬತ್ತನೇ ದಿನ ಬ್ಲೇಡು ಹಿಡಿದು ಕೂತೆ.
ಪುಟ ಪುಟ ಕೊಯ್ದೆ. ಯಾರದ್ದು ಅವರಿಗೆ.
"ಒಲೆಗೆ ಹಾಕಿ. ಹೊಸದು ಇಡಿ. ನನಗೆ ಹೇಳಬೇಡಿ."

"ಮಗಳ ಹೆಸರಿಲ್ಲದೆ ಎಂತ ಬೀಗ ಅದು?" ವಾರಿಜಕ್ಕ ಕೇಳಿದಳು.
ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ನಾಲ್ಕು ಶಬ್ದ ಸಾಕು ಎಂದೆ,
ಹರಕು ಕೊಡೆಯ ಪಕ್ಕದಲ್ಲಿ ಡಾಕ್ಟರ ಮೀಸೆ, ಹಾಗೆ.
ಇದೇ ಇಡಬೇಡ ಮತ್ತೆ, ಇದು ನನಗೆ ಗೊತ್ತಾಯಿತಲ್ಲ.
ಗೋಡೆ ಕಡೆ ತಿರುಗಿದೆ.
ಗೋಡೆಯಲ್ಲಿ ಸಹಕಾರಿ ಸಂಘದ ಕ್ಯಾಲೆಂಡರು, ಒಂದು ಹಲ್ಲಿ.
ಬೆನ್ನ ಹಿಂದೆ ಒಂದೇ ಬೆರಳು ಅಕ್ಷರ ಹುಡುಕುತ್ತಿತ್ತು.
ಟಕ್.
ಬಹಳ ಹೊತ್ತು.
ಟಕ್.
ಇಪ್ಪತ್ತೆರಡು ಎಣಿಸಿದೆ.
ಮುಗಿಸಿ ಒಬ್ಬಳೇ ನಕ್ಕಳು. ಎಂತದ್ದಕ್ಕೆಂದು ಕೇಳಲಿಲ್ಲ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ವಾರಿಜಕ್ಕನಲ್ಲಿ ನನಗೆ ಗೊತ್ತಿಲ್ಲದ್ದು ಒಂದು ಉಂಟು.

ಕೊನೆಗೆ ಉಳಿದದ್ದು ಒಂದು ಮಡಚಿದ ಪುಟ.
ಮೀನಿನ ಏಲಂ ಬರೆಯುವ ಲೀಲಾಧರ ಕುಂದರ್
"ನಾನೇ ಬರೆಯುತ್ತೇನೆ" ಎಂದು ಬರೆದು ಮಡಚಿದ್ದು,
ಯಾವತ್ತೂ ನನ್ನಿಂದ ತೆರೆಸದೆ ಇದ್ದದ್ದು.
ಬ್ಲೇಡಿಗೆ ಸಿಕ್ಕಿ ಬಿಚ್ಚಿಕೊಂಡಿತು:
ನನ್ನ ಹೆಸರು.
ಮುಂದೆ, ಈ ಅಂಗಡಿ ತೆರೆದ ವರ್ಷ.

ಸಂಜೆ ಅವರು ಬಂದಾಗ ಮಡಚಿಯೇ ಕೊಟ್ಟೆ.
"ಇದು ಬಹಳ ಸುಲಭದ್ದು. ಯಾರೂ ಊಹಿಸಬಹುದು."
"ಇಷ್ಟು ವರ್ಷ ಯಾರೂ ಊಹಿಸಲಿಲ್ಲವಲ್ಲ,"
ಎಂದರು, ಪುಟ ಕಿಸೆಗೆ ಹಾಕುತ್ತ.
"ಬದಲಿಸಿ."
"ಆಯ್ತು."

ಗೋಡೆ ಕಡೆ ತಿರುಗಿದೆ.
ಅಷ್ಟರಲ್ಲಿ ಕೆಳಗೆ ಮಂಜುಗಡ್ಡೆಯ ಯಂತ್ರ ಹೊರಳಿತು.
ಕ್ಯಾಲೆಂಡರು ನಡುಗಿತು, ಹಲ್ಲಿ ಓಡಿತು.
ಎಷ್ಟು ಕೀಲಿ ಒತ್ತಿದರೋ
ಎಣಿಸಲಿಕ್ಕೆ ಆಗಲಿಲ್ಲ.