ಒಂದು ಸೂಜಿಗೆ ಎಷ್ಟು ಕೈ

ಎಸ್.ಪಿ. ರೋಡು, ಎರಡನೇ ಮಹಡಿ, ಏಣಿಯಂಥ ಮೆಟ್ಟಿಲು.
ಕಬ್ಬನ್‌ಪೇಟೆಯಿಂದ ನಡೆದೇ ಬಂದೆ,
ಕಂಕುಳಲ್ಲಿ ಹಳೇ ಲ್ಯಾಪ್‌ಟಾಪು
ಜ್ವರದ ಕೂಸಿನ ಹಾಗೆ ಇನ್ನೂ ಬೆಚ್ಚಗೆ.

"ಏನು ಕೆಲಸ ಮಾಡ್ತೀರಿ ಇದರಲ್ಲಿ?" ಅಂದ ಜಬೀವುಲ್ಲಾ.
ಬ್ಲೌಸಿನ ಬೆನ್ನಿಗೆ ನವಿಲು ಬರೀತೀನಿ, ಅಂದೆ.
ಬರೆದ ನವಿಲನ್ನು ಇದು ಹೊಲಿಗೆಯಾಗಿ ಎಣಿಸಬೇಕು,
ಕುತ್ತಿಗೆಯೊಂದಕ್ಕೇ ಹನ್ನೆರಡು ಸಾವಿರ ಚುಚ್ಚು.
ಎಣಿಸಿ ಕೊಟ್ಟರೆ ಕೆಳಗಿನ ಕೋಣೆಯ ಯಂತ್ರ ಹೊಲಿಯುತ್ತದೆ.
ಇದು ಎಣಿಸುವಷ್ಟರಲ್ಲಿ
ಒಂದು ಗಡ್ಡೆ ಬೆಳ್ಳುಳ್ಳಿ ಸುಲಿದು ಮುಗಿದಿರುತ್ತದೆ.

ಅವನು ನಗಲಿಲ್ಲ. ಒಳ್ಳೇ ಹುಡುಗ.
ಮದುವೆ ದಲ್ಲಾಳಿ ಫೋಟೋ ಹರಡಿದ ಹಾಗೆ
ಡಬ್ಬಗಳನ್ನು ತಂದು ಮೇಜಿನ ಮೇಲೆ ಹರಡಿದ.
ಇದು ಐ ಫೈವ್, ಇದು ಐ ಸೆವೆನ್, ಇದು ರೈಜನ್.
"ಏಳು ಅಂದಮಾತ್ರಕ್ಕೆ ಐದಕ್ಕಿಂತ ಮೇಲಲ್ಲ ಅಕ್ಕಾ,
ಯಾವ ವರ್ಷದ ಏಳು ಅಂತ ಕೇಳಬೇಕು.
ಹಳೇ ಏಳನ್ನ ಹೊಸ ಐದು ಹೊಡೆದುಹಾಕುತ್ತೆ."
ನಮ್ಮ ಓಣಿಯಲ್ಲೂ ಹಾಗೇ, ಅಂದುಕೊಂಡೆ.
ದೊಡ್ಡ ಮನೆತನದ ಹೆಸರು ಬಾಗಿಲ ಮೇಲೆ,
ಸೋರುವ ತಾರಸಿ ಒಳಗೆ.

"ಹೆಸರಿನ ಬಾಲ ನೋಡಿ. ಎಚ್ ಇದ್ದರೆ ಓಡುತ್ತೆ,
ಏದುಸಿರೂ ಬಿಡುತ್ತೆ.
ಯು ಇದ್ದರೆ ಮೆಲ್ಲಗೆ. ಬ್ಯಾಟರಿ ಬಾಳುತ್ತೆ."
ನಮಗೆ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುತ್ತಪ್ಪಾ, ಅಂದೆ.
ಒಂದು ಡಬ್ಬ ತೆಗೆದು ಪಕ್ಕಕ್ಕಿಟ್ಟ.

ಆಮೇಲೆ ಮುಖ್ಯದ್ದನ್ನು ತೆರೆಯತೊಡಗಿದ:
"ಹದಿನಾರು ಕೋರು. ಕೋರು ಅಂದರೆ ಕೈ ಅಂತಿಟ್ಟುಕೊಳ್ಳಿ."
ತೊಂಬತ್ತೆಂಟು ಸಾವಿರ ಎಂಬುದನ್ನು
ಆಸ್ಪತ್ರೆಯ ಬಿಲ್ಲು ಹೇಳುವ ದನಿಯಲ್ಲಿ ಹೇಳಿದ.

ಕೈ ಅಂದರೆ ನನಗೆ ಗೊತ್ತು.
ಅಪ್ಪನ ಕಾಲದ ಕಸೂತಿಯ ಮರದ ಚೌಕಟ್ಟು,
ಬಟ್ಟೆ ಬಿಗಿದು ಬೆರಳು ಮೀಟಿದರೆ ಢಣ್ ಅನ್ನಬೇಕು.
ಸುತ್ತ ನಾಲ್ಕು ಜನ; ಮೂಲೆಗೆ ಖಲಂದರ್ ಸಾಬರು,
ಅವರ ಎಡ ಮೊಣಕೈಗೆ ಜಾಗ ಬಿಡಬೇಕು.
ಒಂದು ದಸರೆಗೆ ಆತುರಬಿದ್ದು ಆರು ಜನರನ್ನು ಕೂರಿಸಿದ್ದೆ.
ಸೆರಗಿನ ತುಂಬ ಬಿಡಿ ಹೂವಾದರೆ ಸರಿ,
ಆರು ಜನ, ಆರು ಹೂ.
ಬಂದದ್ದು ಬಳ್ಳಿ. ತುದಿಯಿಂದ ತುದಿಗೆ
ಕಡಿಯದ ಒಂದೇ ಎಳೆ.
ಒಬ್ಬರ ಸೂಜಿ, ಐವರ ಚಹಾ.

ಅದನ್ನೇ ಕೇಳಿದೆ.
ನನ್ನ ಸಾಫ್ಟ್‌ವೇರು ಎಣಿಸುವುದು ಒಂದರ ಹಿಂದೆ ಒಂದು,
ಹಿಂದಿನ ಚುಚ್ಚು ಎಲ್ಲಿ ಮುಗಿಯಿತೆಂದು ತಿಳಿಯದೆ
ಮುಂದಿನದು ಹುಟ್ಟುವುದಿಲ್ಲ.
ಒಂದು ಸೂಜಿಗೆ ಹದಿನಾರು ಕೈ
ಏನು ಮಾಡುತ್ತವಪ್ಪಾ?

ಮುಚ್ಚಳ ಅರ್ಧಕ್ಕೇ ನಿಂತಿತು.
ಗಲ್ಲದ ಹಿಂದೆ ಸೇಟು ಕೆಮ್ಮಿದರು.
ಹುಡುಗ ಅತ್ತ ನೋಡಿದ, ಇತ್ತ ನೋಡಿದ,
ಮೊಣಕಾಲೂರಿ ಕೆಳಗಿನ ಖಾನೆಯಿಂದ ಇನ್ನೊಂದು ಎಳೆದ.
"ಹೋದ ತಿಂಗಳು ಬಂದಿದ್ದು. ಆರೇ ಅಂತ ಯಾರೂ ಕೇಳಲ್ಲ.
ಆದರೆ ಒಂದೊಂದು ಕೈಯೂ ಚುರುಕು. ಐವತ್ತೆರಡು."
ಹೇಳಿದ್ದು ಸೇಟಿಗೆ ಬೆನ್ನು ಮಾಡಿ.

ಕೊಂಡೆ. ಮಿಕ್ಕಿದ್ದರಲ್ಲಿ ಸ್ವಲ್ಪ ಹಾಕಿ ಮೆಮೊರಿ ಹೆಚ್ಚಿಸಿದೆ,
ಸ್ವಲ್ಪಕ್ಕೆ ಅವೆನ್ಯೂ ರೋಡಿನ ತಿರುವಿನಲ್ಲಿ
ಮಸಾಲೆ ದೋಸೆ ತಿಂದೆ.

ಮನೆಗೆ ಬಂದು ಅದೇ ನವಿಲನ್ನು ತೆರೆದೆ,
ಅಭ್ಯಾಸಬಲ, ಬೆಳ್ಳುಳ್ಳಿಯನ್ನೂ ಪಕ್ಕಕ್ಕಿಟ್ಟುಕೊಂಡೆ.
ಮೊದಲ ಎಸಳಿಗೆ ಉಗುರು ತಾಕಿತ್ತು ಅಷ್ಟೆ,
ಹನ್ನೆರಡು ಸಾವಿರವೂ ಪರದೆಯ ಮೇಲೆ ಬಂದು ಕೂತು
ಇನ್ನೇನು? ಅನ್ನುತ್ತಿದ್ದವು.
ಬರಿಗೈಯಲ್ಲಿ ಗಡ್ಡೆ ಹಿಡಿದು
ಯಾರದೋ ಮನೆಗೆ ಬೇಗ ಬಂದ ನೆಂಟಳ ಹಾಗೆ ಕೂತೆ.

ಅಷ್ಟರಲ್ಲಿ ಫೋನು. ಜಯನಗರದ ಮದುಮಗಳ ತಾಯಿ:
"ನವಿಲು ಸ್ವಲ್ಪ ಎಡಕ್ಕೆ ತಿರುಗಲಿ.
ಬಣ್ಣ ಬೇರೆ ಮಾಡಿದರೆ ಹೇಗಿರುತ್ತೆ? ಎರಡು ಮೂರು ಮಾಡಿ ಕಳಿಸಿ.
ಈಗ್ಲೇ ಆಗುತ್ತಲ್ವಾ?"

ನಾಳೆ ಬೆಳಿಗ್ಗೆ ಅಮ್ಮಾ, ಅಂದೆ,
ಮೆಷಿನ್ನು ಹಳೇದು.

ಎರಡನೇ ಎಸಳು ಸುಲಿದೆ.
ಹೊಸ ಫ್ಯಾನು ಸದ್ದೇ ಮಾಡದೆ
ಕೇಳಿಸಿಕೊಳ್ಳುತ್ತಿತ್ತು.