ಖುಶಾಲಚೇಂಡೂ

ಪುಣೆಗೆ ಬಂದ ಹೊಸದರಲ್ಲಿ, ಕಸಬಾ ಪೇಠೆಯ ವಾಡೆಯಲ್ಲಿ,
ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗ
ಸುಲಭಾ ಕಾರಖಾನೀಸ ತನ್ನ ಗಂಡನ ಬಗ್ಗೆ ಅಂದಳು:
"ಅವರೇನು, ಖುಶಾಲಚೇಂಡೂ."
ಹೊಗಳಿದಳೆಂದೇ ತಿಳಿದೆ.
ಒಂದು ವಾರ ಕಂಡಕಂಡವರಿಗೆ ಆ ಮಾತು ಹಂಚಿದೆ,
ಹಾಲಿನವನಿಗೆ, ಬಾಡಿಗೆ ಕೇಳಲು ಬಂದ ಮಾಲಕನಿಗೆ ಕೂಡ.
ಮಾಲಕ ನಗಲಿಲ್ಲ.

ಆಮೇಲೆ ಬಿಡಿಸಿ ನೋಡಿದೆ, ಬಟಾಣಿ ಸುಲಿದ ಹಾಗೆ.
ಖುಶಾಲ ಬಂದದ್ದು ಪಾರಸಿಯಿಂದ, ಕುದುರೆಯೇರಿ,
ಮುಂಗೈಗೆ ಅತ್ತರು ಹಚ್ಚಿಕೊಂಡು.
ಚೆಂಡು ಮಾತ್ರ, ಅರೆ, ನಮ್ಮದೇ!
ಜಮಖಂಡಿಯ ಓಣಿಯಲ್ಲಿ ಹಳೇ ಸೀರೆ ಸುತ್ತಿ
ಸುತಳಿ ಬಿಗಿದು ನಾವು ಆಡಿದ್ದು.
ಯಾವಾಗ ಕೃಷ್ಣೆ ದಾಟಿತೋ, ಭೀಮೆ ದಾಟಿತೋ, ಯಾರು ಒದ್ದರೋ,
ಇಲ್ಲಿ ದೀರ್ಘ ಎಳೆದುಕೊಂಡು ಕೂತಿದೆ.
ಇಲ್ಲಿಂದಲೇ ನಿಮ್ಮಲ್ಲಿಗೆ ಹೋಯಿತು
ಅನ್ನುತ್ತಾರೆ ಮಾಳಿಗೆಯ ಭಿಡೆ ಮಾಸ್ತರರು.
ಇರಲಿ. ಚೆಂಡಿಗೆ ಯಾವ ತವರು.

ಖಡಕಿಯ ಕೆಲಸ ಹೋದ ದಿನವೂ ಕಾರಖಾನೀಸರು
ಸೈಕಲ್ ಗಂಟೆಗೆ ತಾಳ ಕೂಡಿಸುತ್ತ ಬಂದರು.
ಕಾಲು ಕಿಲೋ ಬಾಕರವಡಿ, ಉದ್ರಿ.
ವಾಡೆಯ ಮಕ್ಕಳನ್ನೆಲ್ಲ ಕೂರಿಸಿ
ಸಾಹೇಬ ಸೀನಿದ್ದು ಹೇಗೆ, ನೋಟೀಸು ಓದಿದ್ದು ಹೇಗೆ,
ಮಧ್ಯದಲ್ಲಿ ಮತ್ತೆ ಸೀನಿದ್ದು ಹೇಗೆ.
ನಕ್ಕು ನಕ್ಕು ನನಗೆ ಪಕ್ಕೆ ಹಿಡಿಯಿತು.

ಬಿದ್ದಷ್ಟೂ ಪುಟಿಯುತ್ತಾರೆ, ಅದಕ್ಕೇ ಈ ಹೆಸರು
ಅಂದೆ ಸುಲಭಾಗೆ, ಅರ್ಥ ಹೊಳೆದ ಜಂಬದಲ್ಲಿ.
ಅವಳು ಹಿಟ್ಟು ನಾದುತ್ತಲೇ ಇದ್ದಳು.
"ಪುಟಿದದ್ದು ಎಲ್ಲಿ ಬೀಳ್ತದೆ, ನೋಡಿದ್ದೀಯಾ?
ಕಿರಾಣಿಯವನ ಅಂಗಳದಲ್ಲಿ. ನನ್ನಣ್ಣನ ಹೊಸ್ತಿಲಲ್ಲಿ.
ಒಂದು ಸಲ ಪತಪೇಢಿಯಲ್ಲಿ, ನನ್ನ ಪಾಟಲಿಗಳ ಜೊತೆ.
ಪ್ರತಿ ಸಲ ಹೋಗಿ ಕದ ಬಡಿಯೋಳು ನಾನು:
ಸ್ವಲ್ಪ ನಮ್ಮ ಚೆಂಡು ಕೊಡ್ತೀರಾ?"

ನನಗೆ ಮಾತು ತೋಚಲಿಲ್ಲ. ಅವಳೇ ಕೇಳಿದಳು,
ನಿಮ್ಮಲ್ಲಿ ಇಂಥವರಿಗೆ ಏನಂತಾರೆ?
ಗೆಲುವಾಗಿದ್ದಾರೆ ಅಂತೀವಿ, ಅಂದೆ.
ಗೆಲುವು ಅಂದರೆ?
ನಗುಮುಖ. ಮತ್ತೆ... ಜಯ ಕೂಡ.
ಎರಡಕ್ಕೂ ಒಂದೇ ಮಾತು.
ಆಗ ಅವಳ ಕೈ ನಿಂತಿತು.
"ಹೌದಾ? ಯಾರ ಮೇಲೆ?"

ಹೊರಗೆ ಸೈಕಲ್ ಗಂಟೆ, ತಾಳ ಹಾಕಿದ್ದು.
ಹಿಟ್ಟಿನ ಕೈಯಲ್ಲೇ ಅವಳು ಕೂದಲು ಸರಿಮಾಡಿಕೊಂಡಳು.
ಕಿವಿಯ ಹತ್ತಿರ ಒಂದಿಷ್ಟು ಬಿಳಿ ಉಳಿಯಿತು;
ನಾನು ಹೇಳಲಿಲ್ಲ.